ಚೆಂಡಿನಿಂದ ಕಣ್ಣು ತೆಗೆದು ನೋಡುವುದು: ಫುಟ್‌ಬಾಲ್ ಪಂದ್ಯವೊಂದರ ತಂತ್ರವನ್ನು ವಿಶ್ಲೇಷಿಸಿ ಬರೆಯುವ ಕ್ರಮ

ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಕಾಸರಗೋಡು ಜಿಲ್ಲೆಯಲ್ಲಿ ಫುಟ್‌ಬಾಲ್ ನೋಡುವವರಿಗೆ ಬರವಿಲ್ಲ; ಪಂದ್ಯದ ಮರುದಿನ ಅದರ ಬಗ್ಗೆ ವಾದಿಸುವವರಿಗಂತೂ ಮೊದಲೇ ಇಲ್ಲ. ಆದರೆ ಆ ವಾದದ ಬಹುಪಾಲು ಗೋಲು ಹೊಡೆದವನು, ಅವಕಾಶ ಕೈಚೆಲ್ಲಿದವನು ಮತ್ತು ರೆಫರಿ ಎಂಬ ಮೂವರನ್ನು ದಾಟಿ ಮುಂದೆ ಹೋಗುವುದಿಲ್ಲ. ಗೆದ್ದ ತಂಡಕ್ಕೆ ಮೈದಾನದ ಯಾವ ಭಾಗದಲ್ಲಿ ಜಾಗ ಸಿಕ್ಕಿತು, ಆ ಜಾಗವನ್ನು ಅದು ಹೇಗೆ ಉಂಟುಮಾಡಿಕೊಂಡಿತು, ಎದುರಾಳಿ ಅದನ್ನು ಯಾವಾಗ ಮುಚ್ಚಿದ ಎಂಬುದನ್ನು ನಿಮಿಷ ಮತ್ತು ಸ್ಥಾನಗಳ ಸಹಿತ ವಿವರಿಸುವ ಕನ್ನಡ ಬರಹಗಳು ವಿರಳ. ಅಂತಹ ಬರಹವನ್ನು ಸಾಮಾನ್ಯ ಅಭಿಮಾನಿಯೂ ಬರೆಯಬಹುದು. ತರಬೇತುದಾರನ ಪದವಿ ಅದಕ್ಕೆ ಬೇಕಿಲ್ಲ. ಪಂದ್ಯವನ್ನು ಎರಡು ಸಲ ನೋಡುವ ವ್ಯವಧಾನ, ಒಂದು ನೋಟ್ ಪುಸ್ತಕ ಮತ್ತು ತನ್ನ ತಂಡದ ಮೇಲಿನ ಪ್ರೀತಿಯನ್ನು ಸ್ವಲ್ಪ ಹೊತ್ತು ಬದಿಗಿಡುವ ಮನಸ್ಸು ಬೇಕು.

ನಿನ್ನೆ ರಾತ್ರಿ ನೋಡಿದ ಯಾವ ಪಂದ್ಯಕ್ಕಾದರೂ ಈ ಕ್ರಮವನ್ನು ಅನ್ವಯಿಸಬಹುದು. ಉದಾಹರಣೆಗೆ ಮಾತ್ರ ಹೆಚ್ಚಿನವರ ನೆನಪಿನಲ್ಲಿರುವ ಪಂದ್ಯವೊಂದನ್ನು ಆಯ್ದುಕೊಳ್ಳುತ್ತೇನೆ: 2022ರ ಡಿಸೆಂಬರ್ 18ರಂದು ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವೆ ನಡೆದ ವಿಶ್ವಕಪ್ ಫೈನಲ್. ಆ ರಾತ್ರಿ ಎಂಟೂವರೆಗೆ ನಮ್ಮ ಕ್ಲಬ್ಬುಗಳ ಪರದೆಯ ಮುಂದೆ ಕುಳಿತಿದ್ದವರಲ್ಲಿ 3-3 ಎಂಬ ಅಂಕವನ್ನಾಗಲಿ, ಪೆನಾಲ್ಟಿ ಶೂಟೌಟಿನ 4-2 ಅನ್ನಾಗಲಿ ಮರೆತವರು ಇರಲಾರರು. ಆದರೆ ಎಂಬತ್ತನೇ ನಿಮಿಷದವರೆಗೆ ಫ್ರಾನ್ಸ್ ಏಕೆ ಆಟದಲ್ಲೇ ಇರಲಿಲ್ಲ ಎಂದು ಕೇಳಿದರೆ ಉತ್ತರಗಳು ಮಂಕಾಗುತ್ತವೆ. ಮೊದಲಾರ್ಧದಲ್ಲಿ ಆ ತಂಡ ಗೋಲಿನತ್ತ ಒಂದು ಹೊಡೆತವನ್ನೂ ಹೊಡೆದಿರಲಿಲ್ಲ. ವಿಶ್ಲೇಷಣೆ ಉತ್ತರಿಸಬೇಕಾದದ್ದು ಇಂತಹ ಪ್ರಶ್ನೆಗಳಿಗೆ.

ಪಂದ್ಯಕ್ಕೆ ಮುನ್ನ: ಒಂದೇ ಪ್ರಶ್ನೆ

ಆಡುವ ಹನ್ನೊಂದು ಮಂದಿಯ ಪಟ್ಟಿ ಸಾಮಾನ್ಯವಾಗಿ ಆಟ ಆರಂಭವಾಗುವುದಕ್ಕೆ ಒಂದು ಗಂಟೆಯಷ್ಟು ಮೊದಲು ಹೊರಬೀಳುತ್ತದೆ. ಪಟ್ಟಿಯನ್ನು ಕೈಗೆತ್ತಿಕೊಂಡು ಮೊದಲು ನೋಡಬೇಕಾದದ್ದು ಹಿಂದಿನ ಪಂದ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು. ಗೆಲ್ಲುತ್ತ ಬಂದ ತಂಡವನ್ನು ತರಬೇತುದಾರ ಸುಮ್ಮನೆ ಬದಲಾಯಿಸುವುದಿಲ್ಲ. ಬದಲಾಯಿಸಿದ್ದಾನೆ ಎಂದಾದರೆ ಎದುರಾಳಿಯಲ್ಲಿ ಏನನ್ನೋ ಕಂಡಿದ್ದಾನೆ ಎಂದರ್ಥ. ಫೈನಲ್ಲಿಗೆ ಅರ್ಜೆಂಟೀನಾದ ತರಬೇತುದಾರ ಲಿಯೋನೆಲ್ ಸ್ಕಲೋನಿ ಆಂಗೆಲ್ ಡಿ ಮರಿಯಾನನ್ನು ಆರಂಭದಿಂದಲೇ ಇಳಿಸಿದರು. ಹೆಚ್ಚಾಗಿ ಬಲಬದಿಯಲ್ಲಿ ಆಡುತ್ತಿದ್ದ ಆತನನ್ನು ಅಂದು ಎಡಬದಿಗೆ ಹಾಕಿದರು. ಆ ಬದಿಯಲ್ಲಿ ಫ್ರಾನ್ಸಿನ ರೈಟ್‌ಬ್ಯಾಕ್ (ಬಲಬದಿಯ ರಕ್ಷಕ) ಆಗಿದ್ದ ಜೂಲ್ ಕುಂಡೆ ಕ್ಲಬ್ ಮಟ್ಟದಲ್ಲಿ ಸೆಂಟರ್‌ಬ್ಯಾಕ್ (ನಡುವಿನ ರಕ್ಷಕ) ಆಗಿ ಬೆಳೆದವನು; ಅವನ ಮುಂದಿದ್ದ ಉಸ್ಮಾನ್ ಡೆಂಬೆಲೆ ಹಿಂದೆ ಓಡಿ ಬಂದು ರಕ್ಷಿಸುವುದಕ್ಕಿಂತ ಮುಂದೆ ನುಗ್ಗುವುದಕ್ಕೆ ಹೆಸರಾದವನು. ಇಷ್ಟು ತಿಳಿದ ಅಭಿಮಾನಿ ಪಂದ್ಯ ಆರಂಭವಾಗುವ ಮೊದಲೇ ಪುಸ್ತಕದ ತಲೆಯಲ್ಲಿ ಪ್ರಶ್ನೆಯೊಂದನ್ನು ಬರೆದಿಡಬಹುದಿತ್ತು: ಡಿ ಮರಿಯಾಗೆ ಎಡಬದಿಯಲ್ಲಿ ಎದುರಾಳಿಯೊಬ್ಬನೇ ಎದುರಿರುವ ಸ್ಥಿತಿ ಎಷ್ಟು ಸಲ ಸಿಗುತ್ತದೆ?

ಪ್ರಶ್ನೆ ಒಂದೇ ಇರಲಿ, ಹೆಚ್ಚೆಂದರೆ ಎರಡು. ಎಲ್ಲವನ್ನೂ ಗಮನಿಸುತ್ತೇನೆಂದು ಕುಳಿತವರು ಕಡೆಗೆ ಚೆಂಡನ್ನಷ್ಟೇ ನೋಡಿ ಏಳುತ್ತಾರೆ.

ಮೊದಲ ಹದಿನೈದು ನಿಮಿಷ: ಚೆಂಡಿಲ್ಲದ ತಂಡದ ಆಕಾರ

ಪಟ್ಟಿಯ ಜೊತೆಗೆ ಟಿವಿಯಲ್ಲಿ ತೋರಿಸುವ 4-3-3 ಅಥವಾ 4-2-3-1 ಎಂಬ ರಚನೆಯನ್ನು (ರಕ್ಷಣೆಯಿಂದ ಮುಂದಕ್ಕೆ ಸಾಲುಸಾಲಾಗಿ ನಿಲ್ಲುವ ಆಟಗಾರರ ಸಂಖ್ಯೆ) ಪೂರ್ತಿ ನಂಬಬಾರದು. ಬಹುತೇಕ ತಂಡಗಳಿಗೆ ಚೆಂಡು ತಮ್ಮಲ್ಲಿರುವಾಗ ಒಂದು ಆಕಾರ, ಎದುರಾಳಿಯಲ್ಲಿರುವಾಗ ಇನ್ನೊಂದು ಆಕಾರ ಇರುತ್ತದೆ, ಮತ್ತು ತರಬೇತುದಾರನ ಉದ್ದೇಶ ಎರಡನೆಯದರಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಮೊದಲ ಕಾಲು ಗಂಟೆ ಚೆಂಡು ಇಲ್ಲದ ತಂಡವನ್ನೇ ನೋಡಬೇಕು. ಗಮನಿಸಬೇಕಾದ ಅಂಶಗಳು ಮೂರು: ರಕ್ಷಣಾ ಸಾಲು ಎಷ್ಟು ಮೇಲೆ ನಿಂತಿದೆ, ಆ ಸಾಲಿಗೂ ಮಿಡ್‌ಫೀಲ್ಡ್ ಸಾಲಿಗೂ ನಡುವೆ ಎಷ್ಟು ಅಂತರವಿದೆ, ಎದುರಾಳಿಯ ಡಿಫೆಂಡರ್ ಕಾಲಿಗೆ ಚೆಂಡು ಬಂದಾಗ ಅವನ ಮೇಲೆ ಮೊದಲು ಓಡಿಹೋಗುವವನು ಯಾರು.

ರಕ್ಷಣಾ ಸಾಲಿನ ಎತ್ತರ ಎಷ್ಟು ಮುಖ್ಯ ಎಂಬುದಕ್ಕೆ ಅದೇ ವಿಶ್ವಕಪ್ಪಿನಲ್ಲಿ ನವೆಂಬರ್ 22ರಂದು ನಡೆದ ಅರ್ಜೆಂಟೀನಾ–ಸೌದಿ ಅರೇಬಿಯಾ ಪಂದ್ಯವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು. ತರಬೇತುದಾರ ಎರ್ವೆ ರೆನಾರ್ ಅವರ ಸೌದಿ ತಂಡ ತನ್ನ ಗೋಲಿನ ಬಳಿ ಗುಂಪುಗೂಡಿ ನಿಲ್ಲುವ ಬದಲು ರಕ್ಷಣಾ ಸಾಲನ್ನು ಮಧ್ಯಗೆರೆಯ ಹತ್ತಿರಕ್ಕೆ ಒಯ್ದು ನಿಲ್ಲಿಸಿತ್ತು. ಹತ್ತನೇ ನಿಮಿಷದಲ್ಲಿ ಮೆಸ್ಸಿಯ ಪೆನಾಲ್ಟಿ ಗೋಲಾದ ಮೇಲೂ ಸಾಲು ಹಿಂದೆ ಸರಿಯಲಿಲ್ಲ. ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಎಂದು, ಅಂದರೆ ಪಾಸ್ ಹೊರಟ ಕ್ಷಣದಲ್ಲಿ ದಾಳಿಗಾರ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ನಿಂತಿದ್ದ ಎಂದು, ರದ್ದಾದವು. ಇಡೀ ಪಂದ್ಯದಲ್ಲಿ ಆ ತಂಡ ಹತ್ತು ಸಲ ಆಫ್‌ಸೈಡಿಗೆ ಸಿಕ್ಕಿಬಿತ್ತು. ವಿರಾಮದ ನಂತರ ಸಾಲೆಹ್ ಅಲ್ ಶೆಹ್ರಿ ಮತ್ತು ಸಾಲೆಂ ಅಲ್ ದವ್ಸರಿ ಐದು ನಿಮಿಷಗಳ ಅಂತರದಲ್ಲಿ ಗೋಲು ಹೊಡೆದು ಪಂದ್ಯವನ್ನು 2-1ಕ್ಕೆ ತಿರುಗಿಸಿದರು. ಇದನ್ನು ಅದೃಷ್ಟ ಎಂದು ತಳ್ಳಿಹಾಕಿದವರು ಬಹಳ. ಅದೃಷ್ಟ ಇರಲಿಲ್ಲವೆಂದಲ್ಲ, ಸಾಲು ಒಂದು ಹೆಜ್ಜೆ ತಡವಾಗಿ ಮೇಲೇರಿದ್ದರೆ ಪಂದ್ಯ ಮೊದಲಾರ್ಧದಲ್ಲೇ ಮುಗಿಯುತ್ತಿತ್ತು. ಆದರೆ ಹತ್ತು ಆಫ್‌ಸೈಡ್ ಆಕಸ್ಮಿಕವಾಗಿ ಆಗುವಂಥದ್ದಲ್ಲ. ತಂಡವೊಂದು ತಿಳಿದೇ ಅಪಾಯವನ್ನು ಆಯ್ದುಕೊಂಡಿತು ಮತ್ತು ಆ ಆಯ್ಕೆ ಫಲಿಸಿತು ಎಂದು ಬರೆಯುವುದು ಸರಿ.

ನಮ್ಮ ಜಿಲ್ಲೆಯ ಪ್ರೇಕ್ಷಕರು ಇಲ್ಲೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ನಮ್ಮಲ್ಲಿ ಹೆಚ್ಚಿನವರ ಕಣ್ಣು ಪಳಗಿರುವುದು ಸೆವೆನ್ಸ್ ಆಟದಲ್ಲಿ. ಏಳೇಳು ಮಂದಿಯ ಆ ಆಟದಲ್ಲಿ ಮೈದಾನ ಚಿಕ್ಕದು, ಚೆಂಡು ಒಂದು ಗೋಲಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಾರುತ್ತದೆ, ಒಬ್ಬ ಆಟಗಾರನ ಕಾಲ್ಚಳಕವೇ ಪಂದ್ಯವನ್ನು ನಿರ್ಧರಿಸಿಬಿಡಬಹುದು. ಅದೇ ಕಣ್ಣಿನಿಂದ 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದ ಹನ್ನೊಂದರ ಆಟವನ್ನು ನೋಡಿದರೆ, ಹಿಂದಕ್ಕೂ ಅಡ್ಡಕ್ಕೂ ಪಾಸ್ ಮಾಡುತ್ತ ನಿಂತ ತಂಡ ಹೆದರಿಕೊಂಡಿದೆ ಎಂದೇ ತೋರುತ್ತದೆ. ಎದುರಾಳಿಯನ್ನು ಒಂದು ಬದಿಗೆ ಸೆಳೆದು ಇನ್ನೊಂದು ಬದಿಯನ್ನು ಖಾಲಿ ಮಾಡಲು ಆ ಅಡ್ಡ ಪಾಸುಗಳು ಬೇಕು. ಸೆವೆನ್ಸನ್ನು ಕಡಿಮೆ ಎನ್ನುತ್ತಿಲ್ಲ; ತ್ರಿಕ್ಕರಿಪುರದಂತಹ ಊರು ಮುಹಮ್ಮದ್ ರಾಫಿಯಂಥ ಸ್ಟ್ರೈಕರ್‌ನನ್ನು ದೇಶದ ತಂಡಕ್ಕೆ ಕೊಟ್ಟಿದೆ. ನೋಡುವ ಕ್ರಮ ಮಾತ್ರ ಬೇರೆಯಾಗಬೇಕು.

ನೋಟ್ ಪುಸ್ತಕ

ಪುಟದ ತುಂಬ ಮೈದಾನದ ಚಿತ್ರ ಬರೆದು ಉದ್ದಕ್ಕೆ ನಾಲ್ಕು ಗೆರೆ ಎಳೆದರೆ ಐದು ಪಟ್ಟಿಗಳಾಗುತ್ತವೆ: ಎರಡು ಬದಿಗಳು, ಒಂದು ನಡು, ಬದಿ ಮತ್ತು ನಡುವಿನ ಮಧ್ಯೆ ಇರುವ ಎರಡು. ಅಡ್ಡಕ್ಕೆ ಎರಡು ಗೆರೆ ಎಳೆದರೆ ಮೂರು ಭಾಗ. ಹೀಗೆ ಹದಿನೈದು ಚೌಕಗಳಿಗೂ ಸಂಖ್ಯೆ ಕೊಟ್ಟುಕೊಂಡರೆ ಆಟ ನಡೆಯುತ್ತಿರುವಾಗ ‘23 – 4 – ಡಿಎಂ – 1 ಎದುರು 1’ (ನಿಮಿಷ, ಚೌಕ, ಡಿ ಮರಿಯಾ, ಎದುರಾಳಿಯೊಬ್ಬನೇ ಎದುರು) ಎಂದಷ್ಟೇ ಗೀಚಿದರೂ ಆಮೇಲೆ ಅರ್ಥವಾಗುತ್ತದೆ. ವಾಕ್ಯ ಬರೆಯಲು ಹೊರಟರೆ ಆಟ ತಪ್ಪಿಹೋಗುತ್ತದೆ. ಪ್ರತಿ ಹದಿನೈದು ನಿಮಿಷಕ್ಕೆ ಹೊಸ ಪುಟ ತೆಗೆದುಕೊಂಡರೆ ಆಟ ಯಾವ ಹೊತ್ತಿನಲ್ಲಿ ವಾಲಿತು ಎಂಬುದು ಪುಟ ತಿರುವಿದಾಗ ತಾನಾಗಿ ಕಾಣುತ್ತದೆ.

ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುವುದರಿಂದ ಇನ್ನೊಂದು ಬದಿಯ ಆಟಗಾರರು ಪರದೆಯ ಹೊರಗೆ ಉಳಿಯುತ್ತಾರೆ. ಗೋಲ್‌ಕಿಕ್, ಕಾರ್ನರ್ ಮತ್ತು ದೂರದ ಫ್ರೀಕಿಕ್‌ಗಳಲ್ಲಿ ಕ್ಯಾಮೆರಾ ಹಿಂದಕ್ಕೆ ಸರಿದು ಅಗಲವಾಗಿ ತೋರಿಸುವ ಕೆಲವೇ ಸೆಕೆಂಡುಗಳನ್ನು ಬಿಡಬಾರದು. ಚಹಾಕ್ಕೆ ಏಳುವವರು ಏಳುವುದು ಆ ಹೊತ್ತಿಗೇ. ಮೈದಾನಕ್ಕೇ ಹೋಗುವುದಾದರೆ ಗೆರೆಯ ಪಕ್ಕದ ಕುರ್ಚಿಗಿಂತ ಗ್ಯಾಲರಿಯ ಮೇಲಿನ ಮೆಟ್ಟಿಲು ಲೇಸು. ಕ್ಲಬ್ಬಿನ ದೊಡ್ಡ ಪರದೆಯ ಮುಂದೆ, ಪಟಾಕಿ ಮತ್ತು ಘೋಷಣೆಗಳ ನಡುವೆ ಟಿಪ್ಪಣಿ ಬರೆಯುವ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಅಲ್ಲಿ ಪಂದ್ಯವನ್ನು ಸಂತೋಷಕ್ಕಾಗಿ ನೋಡಿ, ಮರುದಿನ ಮನೆಯಲ್ಲಿ ಧ್ವನಿ ತಗ್ಗಿಸಿ ಕೆಲಸಕ್ಕಾಗಿ ನೋಡಬೇಕು.

ಎರಡನೇ ನೋಟ: ಗೋಲಿನಿಂದ ಹಿಂದಕ್ಕೆ

ಫಲಿತಾಂಶ ಗೊತ್ತಿದ್ದು ನೋಡುವಾಗ ಮನಸ್ಸು ಶಾಂತವಾಗಿರುತ್ತದೆ. ಗೋಲಿನ ದೃಶ್ಯದಿಂದ ಹಿಂದಕ್ಕೆ ಸರಿಸುತ್ತ, ಚೆಂಡು ತಂಡದ ಕಾಲಿಗೆ ಬಂದ ಕ್ಷಣದವರೆಗೂ ಹೋಗಬೇಕು. ಮುಖ್ಯಾಂಶಗಳ ವಿಡಿಯೊ ಸಾಮಾನ್ಯವಾಗಿ ಕೊನೆಯ ಎರಡು ಮೂರು ಪಾಸುಗಳನ್ನಷ್ಟೇ ತೋರಿಸುವುದರಿಂದ ಪೂರ್ಣ ಪಂದ್ಯವೇ ಬೇಕು.

ಫೈನಲ್ಲಿನ 36ನೇ ನಿಮಿಷವನ್ನು ಹೀಗೆ ಬಿಡಿಸಿ ನೋಡೋಣ. ಗೋಲು ಹೊಡೆದವನು ಎಡಬದಿಯಿಂದ ಬಂದ ಡಿ ಮರಿಯಾ. ಅವನಿಗೆ ಚೆಂಡು ಕೊಟ್ಟವನು ಬಲಭಾಗದಲ್ಲಿ ಮುನ್ನುಗ್ಗಿದ ಅಲೆಕ್ಸಿಸ್ ಮ್ಯಾಕ್ ಅಲಿಸ್ಟರ್. ಅವನಿಗೆ ಕೊಟ್ಟವನು ಹೂಲಿಯನ್ ಆಲ್ವಾರೆಸ್, ಆಲ್ವಾರೆಸನಿಗೆ ಒಂದೇ ಸ್ಪರ್ಶದಲ್ಲಿ ತಿರುಗಿಸಿ ಕೊಟ್ಟವನು ಮೆಸ್ಸಿ. ಇನ್ನೂ ಹಿಂದೆ ಹೋದರೆ ಅರ್ಜೆಂಟೀನಾ ತನ್ನ ಅರ್ಧದಲ್ಲಿ ಚೆಂಡನ್ನು ಕಸಿದುಕೊಂಡದ್ದು ಕಾಣುತ್ತದೆ. ಈ ಸರಪಳಿಯಲ್ಲಿ ಚೆಂಡು ಬಲಭಾಗದಲ್ಲಿ ಸಾಗುತ್ತಿದ್ದಷ್ಟು ಹೊತ್ತು ಡಿ ಮರಿಯಾ ಪರದೆಯಲ್ಲಿ ಹೆಚ್ಚಾಗಿ ಇಲ್ಲ. ಫ್ರಾನ್ಸಿನ ರಕ್ಷಕರು ಚೆಂಡಿನತ್ತ ಓಡಿದಷ್ಟೂ ಅವನ ಬದಿ ಬರಿದಾಗುತ್ತ ಹೋಯಿತು. 23ನೇ ನಿಮಿಷದ ಮೊದಲ ಗೋಲಿನ ಮೂಲವೂ ಅದೇ ಬದಿ: ಅಲ್ಲಿ ಡಿ ಮರಿಯಾ ಒಳನುಗ್ಗಿದಾಗ ಡೆಂಬೆಲೆ ಹಿಂದಿನಿಂದ ಎಸಗಿದ ಫೌಲಿಗೆ ಪೆನಾಲ್ಟಿ ಸಿಕ್ಕಿತು. ಎರಡೂ ಗೋಲುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ, ಆಟಗಾರರ ಕಸುಬಿನ ಜೊತೆಗೆ ಸ್ಕಲೋನಿಯ ಒಂದು ನಿರ್ಧಾರವೂ ಅವುಗಳ ಹಿಂದಿದೆ ಎಂಬುದು ಸ್ಥಿರಪಡುತ್ತದೆ. ಪಂದ್ಯಕ್ಕೆ ಮುನ್ನ ಬರೆದಿಟ್ಟ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ.

ಗೋಲಾಗದ ಅವಕಾಶಗಳನ್ನೂ ಹೀಗೆಯೇ ಹಿಂದಕ್ಕೆ ಓಡಿಸಿ ನೋಡಬೇಕು. ಒಂದೇ ಚೌಕದಿಂದ ಮತ್ತೆ ಮತ್ತೆ ಅವಕಾಶ ಹುಟ್ಟಿದ್ದರೆ ಅದು ಯೋಜನೆ. ಒಮ್ಮೆ ಮಾತ್ರ ಹುಟ್ಟಿದ್ದರೆ ಅದು ಬರಿಯ ಘಟನೆ ಇರಬಹುದು.

ಬದಲಿ ಆಟಗಾರರು ಮತ್ತು ಕಾರಣದ ಪ್ರಶ್ನೆ

ವಿಶ್ಲೇಷಕನಿಗೆ ಅತಿ ಹೆಚ್ಚು ಕಲಿಸುವ ಕ್ಷಣ ಬದಲಾವಣೆಯದು, ಏಕೆಂದರೆ ಉಳಿದದ್ದೆಲ್ಲ ಬಹುತೇಕ ಹಾಗೆಯೇ ಇದ್ದು ಒಂದು ಅಂಶ ಮಾತ್ರ ಬದಲಾಗಿರುತ್ತದೆ. ಆದರೆ ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ.

ಫ್ರಾನ್ಸಿನ ತರಬೇತುದಾರ ದಿದಿಯೇ ದೆಶಾಂ ವಿರಾಮಕ್ಕೂ ಕಾಯದೆ 41ನೇ ನಿಮಿಷದಲ್ಲಿ ಒಲಿವಿಯೇ ಜಿರೂ ಮತ್ತು ಡೆಂಬೆಲೆಯನ್ನು ಹೊರಗೆ ಕರೆದು ಮಾರ್ಕಸ್ ತುರಾಮ್ ಹಾಗೂ ರಾಂಡಲ್ ಕೊಲೊ ಮುವಾನಿಯನ್ನು ಇಳಿಸಿದರು. ಎಂಬಾಪೆ ಎಡಬದಿಯಿಂದ ನಡುವಿಗೆ ಬಂದ. 64ನೇ ನಿಮಿಷದಲ್ಲಿ ಸ್ಕಲೋನಿ ಡಿ ಮರಿಯಾನನ್ನು ತೆಗೆದು ರಕ್ಷಣೆಯಲ್ಲಿ ಗಟ್ಟಿಗನಾದ ಮಾರ್ಕೋಸ್ ಅಕುನ್ಯಾನನ್ನು ಇಳಿಸಿದರು. 71ನೇ ನಿಮಿಷದಲ್ಲಿ ದೆಶಾಂ ಗ್ರೀಸ್ಮನ್ ಮತ್ತು ಥಿಯೊ ಎರ್ನಾಂಡೆಸ್ ಬದಲಿಗೆ ಕಿಂಗ್ಸ್‌ಲಿ ಕೋಮನ್ ಮತ್ತು ಕಮವಿಂಗಾ ಅವರನ್ನು ಕಳುಹಿಸಿದರು. 80ನೇ ನಿಮಿಷದಲ್ಲಿ, ಅರ್ಜೆಂಟೀನಾದ ರಕ್ಷಕ ಓಟಮೆಂಡಿ ಕೊಲೊ ಮುವಾನಿಯನ್ನು ಬೀಳಿಸಿದ್ದರಿಂದ ಸಿಕ್ಕ ಪೆನಾಲ್ಟಿಯಿಂದ 2-1. ಮರು ನಿಮಿಷವೇ ಕೋಮನ್ ಮೆಸ್ಸಿಯ ಕಾಲಿನಿಂದ ಕಸಿದ ಚೆಂಡು ತುರಾಮ್ ಮೂಲಕ ಎಂಬಾಪೆಗೆ ತಲುಪಿ 2-2.

ಡಿ ಮರಿಯಾನನ್ನು ತೆಗೆದದ್ದೇ ಅರ್ಜೆಂಟೀನಾ ಮಾಡಿದ ತಪ್ಪು ಎಂದು ಹೇಳುವವರನ್ನು ಇಂದಿಗೂ ಕಾಣಬಹುದು. ಹೇಳಿಕೆ ಆಕರ್ಷಕವಾಗಿದೆ, ಆದರೆ ಅದನ್ನು ಹಾಗೆಯೇ ಬರೆದರೆ ವಿಶ್ಲೇಷಣೆ ಆಗುವುದಿಲ್ಲ. ಅವನು ಹೊರಹೋದ ಮೇಲೆ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಅಂಕ 2-0 ಆಗಿಯೇ ಉಳಿದಿತ್ತು, ಆ ನಡುವೆ ಫ್ರಾನ್ಸಿನ ಎರಡನೇ ಸುತ್ತಿನ ಬದಲಾವಣೆಯೂ ಆಗಿತ್ತು. ಆದ್ದರಿಂದ 64ರಿಂದ 71ರವರೆಗಿನ ಏಳು ನಿಮಿಷ ಮತ್ತು 71ರಿಂದ 80ರವರೆಗಿನ ಒಂಬತ್ತು ನಿಮಿಷಗಳನ್ನು ಬೇರೆ ಬೇರೆಯಾಗಿ ನೋಡಿ, ಎರಡರಲ್ಲೂ ಫ್ರಾನ್ಸ್ ಯಾವ ಚೌಕದಿಂದ ದಾಳಿ ಆರಂಭಿಸಿತು ಎಂದು ಗುರುತು ಹಾಕಬೇಕು. ಮೊದಲ ತುಂಡಿನಲ್ಲೇ ಆಟ ವಾಲಿದ್ದರೆ ಡಿ ಮರಿಯಾನ ವಾದಕ್ಕೆ ಬಲ ಬರುತ್ತದೆ. ಎರಡನೆಯದರಲ್ಲಿ ವಾಲಿದ್ದರೆ ಕೋಮನ್ ಮತ್ತು ಕಮವಿಂಗಾರ ಓಟಕ್ಕೆ ಹೆಚ್ಚಿನ ಪಾಲು ಸಲ್ಲುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ: ಎರಡು ಗೋಲುಗಳ ಮೂಲದಲ್ಲೂ ಬದಲಿಯಾಗಿ ಬಂದವರೇ ಇದ್ದಾರೆ, ಮತ್ತು ಎರಡರಲ್ಲೂ ಸೋತದ್ದು ದಣಿದ ಕಾಲುಗಳು. ಇನ್ನೊಬ್ಬರು ಅದೇ ಟಿಪ್ಪಣಿಯಿಂದ ಬೇರೆ ತೀರ್ಮಾನಕ್ಕೆ ಬಂದರೆ ಆಕ್ಷೇಪವಿಲ್ಲ, ಟಿಪ್ಪಣಿ ಇರಬೇಕು ಅಷ್ಟೆ. ಪರದೆಯಲ್ಲಿ ಕಾಣದ ಕಾರಣಗಳೂ ಇರುತ್ತವೆ. ಫೈನಲ್ಲಿಗೆ ಮುಂಚಿನ ದಿನಗಳಲ್ಲಿ ಫ್ರಾನ್ಸಿನ ಹಲವು ಆಟಗಾರರು ಅಸ್ವಸ್ಥರಾಗಿದ್ದುದು ಆಗಲೇ ವರದಿಯಾಗಿತ್ತು, ಮೊದಲಾರ್ಧದ ಮಂಕು ಆಟಕ್ಕೆ ಅದರ ಪಾಲು ಎಷ್ಟೆಂದು ಪರದೆ ನೋಡಿ ಅಳೆಯಲಾಗದು.

ನಮ್ಮ ಕಡೆಯ ಉದಾಹರಣೆ ಬೇಕಿದ್ದರೆ 2022ರ ಏಪ್ರಿಲ್ 28ರಂದು ಮಂಜೇರಿಯಲ್ಲಿ ಕೇರಳ ಮತ್ತು ಕರ್ನಾಟಕ ಎದುರಾದ ಸಂತೋಷ್ ಟ್ರೋಫಿ ಸೆಮಿಫೈನಲ್ಲನ್ನು ತೆಗೆದುಕೊಳ್ಳಬಹುದು. ಮೊದಲ ಗೋಲು ಕರ್ನಾಟಕದ್ದು. ಅನಂತರ ಕೇರಳದ ಬದಲಿ ಆಟಗಾರ ಜೆಸಿನ್ ಇಳಿದು ಒಬ್ಬನೇ ಐದು ಗೋಲು ಹೊಡೆದು ಪಂದ್ಯವನ್ನು 7-3ಕ್ಕೆ ಒಯ್ದ. ‘ಜೆಸಿನ್ ಮಿಂಚಿದ’ ಎಂಬುದು ವರದಿ. ಕರ್ನಾಟಕದ ರಕ್ಷಣಾ ಸಾಲು ಅವನ ಮೊದಲ ಗೋಲಿನ ನಂತರವೂ ಅದೇ ಎತ್ತರದಲ್ಲಿ ನಿಂತಿತೇ, ಮುನ್ನಡೆ ಸಿಕ್ಕ ಮೇಲೆ ಮಿಡ್‌ಫೀಲ್ಡ್ ಹಿಂದೆ ಸರಿಯಿತೇ ಎಂದು ಹುಡುಕಿ ಬರೆದರೆ ವಿಶ್ಲೇಷಣೆ.

ಅಂಕಿಅಂಶಗಳು

ಯುರೋಪಿನ ಲೀಗುಗಳಿಗೂ ವಿಶ್ವಕಪ್ಪಿಗೂ ಸಂಖ್ಯೆಗಳು ಧಾರಾಳವಾಗಿ ಸಿಗುತ್ತವೆ. ಸಂತೋಷ್ ಟ್ರೋಫಿಯಂತಹ ಪಂದ್ಯಗಳಿಗೆ ಅಷ್ಟು ಸಿಗುವುದಿಲ್ಲ, ಅಲ್ಲಿ ನಿಮ್ಮ ಪುಸ್ತಕವೇ ಗತಿ. ಚೆಂಡಿನ ಮೇಲಿನ ಹಿಡಿತದ ಶೇಕಡಾವಾರು ಲೆಕ್ಕವನ್ನು ಒಂಟಿಯಾಗಿ ಬಳಸಬಾರದು, ಏಕೆಂದರೆ ಮುನ್ನಡೆಯಲ್ಲಿರುವ ತಂಡ ಬೇಕೆಂದೇ ಚೆಂಡನ್ನು ಬಿಟ್ಟುಕೊಡಬಹುದು. ಈಗ ಹೆಚ್ಚು ಕೇಳಿಬರುವ ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು, ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರೊಳಗೆ ಅಳೆದು ಕೂಡಿಸುವ ಲೆಕ್ಕ. ಪೆನಾಲ್ಟಿಯೊಂದಕ್ಕೇ ಅದರಲ್ಲಿ ಮುಕ್ಕಾಲಿನಷ್ಟು ಬೆಲೆ ಇರುವುದರಿಂದ, ಎರಡು ಪೆನಾಲ್ಟಿ ಪಡೆದ ತಂಡದ ಮೊತ್ತ ಅದು ತೆರೆದ ಆಟದಲ್ಲಿ ಏನೂ ಸಾಧಿಸದಿದ್ದರೂ ಉಬ್ಬಿ ಕಾಣುತ್ತದೆ. ಫೈನಲ್ಲಿನಲ್ಲಿ ಎಂಬಾಪೆಯ ಮೂರು ಗೋಲುಗಳಲ್ಲಿ ಎರಡು ಪೆನಾಲ್ಟಿ ಎಂಬುದನ್ನು ನೆನಪಿಟ್ಟು ಫ್ರಾನ್ಸಿನ ಸಂಖ್ಯೆಯನ್ನು ಓದಬೇಕು. ಮೊದಲು ಕಣ್ಣಿಗೆ ಕಂಡದ್ದನ್ನು ಬರೆದು, ಅದಕ್ಕೆ ಸಂಖ್ಯೆ ಸಾಕ್ಷಿ ನುಡಿಯುತ್ತದೆಯೇ ಎಂದು ನೋಡುವುದು ಸರಿಯಾದ ಕ್ರಮ. ಸಂಖ್ಯೆಗಳ ಪಟ್ಟಿಯನ್ನು ಮುಂದಿಟ್ಟು ಕಥೆ ಹೆಣೆಯಲು ಹೊರಟರೆ ಯಾವ ಕಥೆಯನ್ನಾದರೂ ಹೆಣೆಯಬಹುದು.

ಬರೆಯುವಾಗ

ಮೊದಲ ಪ್ಯಾರಾದಲ್ಲೇ ಪ್ರಶ್ನೆ ಮತ್ತು ನಿಮ್ಮ ಉತ್ತರ ಎರಡೂ ಇರಲಿ. ಪಂದ್ಯವನ್ನು ಮೊದಲ ನಿಮಿಷದಿಂದ ವರದಿ ಮಾಡುತ್ತ ಹೋಗಬೇಕಾಗಿಲ್ಲ. ಓದುವವರು ಅದನ್ನು ನೋಡಿದ್ದಾರೆ. ಪ್ರತಿ ವಾದಕ್ಕೂ ಒಂದು ನಿಮಿಷವನ್ನು ಹೆಸರಿಸಿ, ಓದುಗ ಬೇಕಿದ್ದರೆ ತಾನೇ ಹೋಗಿ ನೋಡಲಿ. ‘ಅದ್ಭುತ’, ‘ರೋಚಕ’, ‘ಕಳಪೆ’ ಎಂಬ ಮಾತುಗಳನ್ನು ಹೊಡೆದುಹಾಕಿ ಆ ಜಾಗದಲ್ಲಿ ಆಟಗಾರ ಎಲ್ಲಿ ನಿಂತಿದ್ದ ಎಂದು ಬರೆದರೆ ವಾಕ್ಯ ತಾನಾಗಿ ಗಟ್ಟಿಯಾಗುತ್ತದೆ. ಟಿವಿ ದೃಶ್ಯದ ಹಕ್ಕು ಪ್ರಸಾರಕರದ್ದಾದ್ದರಿಂದ ಪರದೆಯ ಚಿತ್ರ ತೆಗೆದು ಹಾಕುವ ಬದಲು ನಿಮ್ಮ ಪುಸ್ತಕದ ಮೈದಾನದಲ್ಲೇ ಆಟಗಾರರನ್ನು ಚುಕ್ಕಿಗಳಾಗಿ, ಓಟವನ್ನು ಬಾಣಗಳಾಗಿ ಬಿಡಿಸಿ ಅದರ ಫೋಟೊ ಬಳಸಿ. ಒಂದು ಚಿತ್ರದಲ್ಲಿ ಒಂದೇ ಕ್ಷಣ ಇರಲಿ. ಎಂಟುನೂರು ಪದಗಳೊಳಗೆ ಮುಗಿಯದಿದ್ದರೆ ಪ್ರಶ್ನೆ ಒಂದಕ್ಕಿಂತ ಹೆಚ್ಚಿದೆ ಎಂದು ತಿಳಿಯಬೇಕು.

ರೆಫರಿಯ ವಿಷಯಕ್ಕೆ ಒಂದು ವಾಕ್ಯ ಸಾಕು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯದ ಗತಿ ಇದಕ್ಕೆ ತಕ್ಕ ನಿದರ್ಶನ. ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಚೆಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಗಳಿಸಿದ್ದು, ಬ್ಲಾಸ್ಟರ್ಸ್ ತಂಡ ಮೈದಾನದಿಂದ ಹೊರನಡೆದದ್ದು ಎಲ್ಲರಿಗೂ ನೆನಪಿದೆ. ನಿಯಮದ ಚರ್ಚೆಗೆ ಶಾಯಿ ಧಾರಾಳವಾಗಿ ಖರ್ಚಾಯಿತು. ಅದಕ್ಕೆ ಮುಂಚಿನ ತೊಂಬತ್ತು ನಿಮಿಷ ಎರಡೂ ತಂಡಗಳಿಗೆ ಗೋಲು ಏಕೆ ಸಿಗಲಿಲ್ಲ ಎಂಬುದನ್ನು ಕೇಳಿದವರು ಕಡಿಮೆ, ತಂತ್ರದ ದೃಷ್ಟಿಯಿಂದ ಹೆಚ್ಚು ಸ್ವಾರಸ್ಯವಿದ್ದ ಪ್ರಶ್ನೆ ಅದೇ ಆಗಿದ್ದರೂ.

ಕರಡು ಸಿದ್ಧವಾದ ಮೇಲೆ ಎದುರಾಳಿ ತಂಡದ ಅಭಿಮಾನಿಯೊಬ್ಬರಿಗೆ ಓದಲು ಕೊಡಿ. ಗಡಿನಾಡಿನಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ; ಒಂದೇ ಮನೆಯಲ್ಲಿ ಅಣ್ಣ ಬೆಂಗಳೂರಿಗೆ, ತಮ್ಮ ಬ್ಲಾಸ್ಟರ್ಸಿಗೆ ಕೂಗುವುದು ಇಲ್ಲಿ ಅಪರೂಪವಲ್ಲ. ಅವರು ನಿಮ್ಮ ತೀರ್ಮಾನವನ್ನು ಒಪ್ಪದಿದ್ದರೂ ಚಿಂತೆಯಿಲ್ಲ. ನಿಮಿಷ, ಸ್ಥಾನ ಅಥವಾ ಆಟಗಾರನ ಹೆಸರು ತಪ್ಪಿದೆ ಎಂದು ತೋರಿಸಿದರೆ ಮಾತ್ರ ವಿಡಿಯೊವನ್ನು ಮತ್ತೆ ತೆರೆದು, ಆ ನಿಮಿಷಕ್ಕೆ ಹೋಗಿ ತಿದ್ದಿ, ಅನಂತರ ಪ್ರಕಟಿಸಿ.